ವೈದ್ಯ ಶಿಕ್ಷಣದ ಎರಡನೆಯ ವರ್ಷ

ವೈದ್ಯಕೀಯ ಕಾಲೇಜುಗಳ ಪ್ರವೇಶದ ಕಾಲ ಬಂದಿತೆಂದರೆ ನಮ್ಮ ಪಟ್ಟಣಗಳಲ್ಲಿ ಬೇರೆ ಮಾತಿಗೆ ಎಡೆಯೇ ಉಳಿಯುವದಿಲ್ಲ. ಯಾರ ಮಗಳಿಗೆ ಎಷ್ಟನೆಯ ಸ್ಥಾನ ಬಂದಿತು, ಯಾವ ಕಾಲೇಜಿನಲ್ಲಿ ಶುಲ್ಕವೆಷ್ಟು, ಸರಕಾರೀ ಜಾಗ ದೊರೆಯದಿದ್ದರೆ ಹೊಲ ಮಾರಬೇಕೋ ಸಾಲ ಎತ್ತಬೇಕೋ ಎಂಬ ಚರ್ಚೆ ಕಚೇರಿಯ ಕಟ್ಟೆಯಿಂದ ಮದುವೆಯ ಮಂಟಪದವರೆಗೆ ನಡೆಯುತ್ತದೆ. ಇಷ್ಟು ಕಷ್ಟದಿಂದ ಗಳಿಸಿದ ಆ ಜಾಗದಲ್ಲಿ ಕುಳಿತು ಮಕ್ಕಳು ಓದುವದಾದರೂ ಏನನ್ನು ಎಂದು ಕೇಳುವವರು ಮಾತ್ರ ವಿರಳ. ಮೊದಲನೆಯ ವರ್ಷ ಹೆಣ ಕೊಯ್ಯುತ್ತಾರೆಂಬದು ಎಲ್ಲರೂ ಬಲ್ಲ ಸಂಗತಿ. ಕೊನೆಯ ವರ್ಷ ರೋಗಿಗಳನ್ನು ನೋಡುತ್ತಾರೆಂಬದೂ ಗೊತ್ತು. ನಡುವಿನ ಎರಡನೆಯ ವರ್ಷದಲ್ಲಿ ಏನು ನಡೆಯುತ್ತದೆಂಬದು ತಂದೆತಾಯಿಗಳಿಗೆ ತಿಳಿಯದು; ವೈದ್ಯ ಶಿಕ್ಷಣಕ್ಕೆ ಹಣ ಮಂಜೂರು ಮಾಡುವ ಶಾಸಕರಲ್ಲಿಯೂ ಬಹುಮಂದಿಗೆ ತಿಳಿದಂತೆ ತೋರದು. ಆ ವರ್ಷವನ್ನು ಕುರಿತು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವದು ಅವಶ್ಯವೆಂದು ನಾವು ಭಾವಿಸುತ್ತೇವೆ. ಯಾಕೆಂದರೆ ನಮ್ಮ ಮತದಲ್ಲಿ ವಿದ್ಯಾರ್ಥಿಯು ವೈದ್ಯನಾಗತೊಡಗುವದು ಆ ವರ್ಷದಲ್ಲಿಯೇ. ಮತ್ತು ಇಂದು ಎಲ್ಲಕ್ಕಿಂತ ಕಡಿಮೆ ಮನ್ನಣೆ ದೊರೆಯುತ್ತಿರುವದೂ ಆ ವರ್ಷಕ್ಕೇ.

ಮೊದಲನೆಯ ವರ್ಷದ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಈ ಮೂರೂ ಸ್ವಸ್ಥ ಶರೀರದ ಶಾಸ್ತ್ರಗಳು. ಅಲ್ಲಿ ಹೃದಯವು ತಪ್ಪದೆ ಬಡಿಯುತ್ತದೆ, ಮೂತ್ರಪಿಂಡವು ತಪ್ಪದೆ ಸೋಸುತ್ತದೆ. ಎರಡನೆಯ ವರ್ಷಕ್ಕೆ ಕಾಲಿಟ್ಟೊಡನೆ ಈ ಸುಂದರ ಚಿತ್ರ ಕೆಡುತ್ತದೆ. ಶರೀರವು ಹೇಗೆ ಕೆಡುತ್ತದೆ ಎಂಬದನ್ನು ರೋಗಶಾಸ್ತ್ರವೂ, ಹೊರಗಿನಿಂದ ಬಂದು ಕೆಡಿಸುವ ಜೀವಿಗಳಾವುವು ಎಂಬದನ್ನು ಸೂಕ್ಷ್ಮಜೀವಿಶಾಸ್ತ್ರವೂ, ಕೆಟ್ಟದ್ದನ್ನು ತಿದ್ದಲು ಕೊಟ್ಟ ವಸ್ತುವು ಒಳಗೆ ಹೋಗಿ ಏನೇನು ಮಾಡುತ್ತದೆ ಎಂಬದನ್ನು ಔಷಧಶಾಸ್ತ್ರವೂ ಕಲಿಸುತ್ತವೆ. ಇದೇ ವರ್ಷ ವಿದ್ಯಾರ್ಥಿಗಳು ಕುತ್ತಿಗೆಗೆ ಸ್ಟೆತಸ್ಕೋಪು ಹಾಕಿಕೊಂಡು ವಾರ್ಡುಗಳಿಗೆ ನಿಯಮಿತವಾಗಿ ಹೋಗತೊಡಗುತ್ತಾರೆ. ಒಂದು ಕಡೆ ಕಾರಣಗಳ ಶಾಸ್ತ್ರ, ಇನ್ನೊಂದು ಕಡೆ ನರಳುವ ಮನುಷ್ಯ. ಇವೆರಡೂ ಮೊದಲ ಸಲ ಎದುರುಬದುರಾಗುವ ವರ್ಷವಿದು.

ರೋಗಕ್ಕೆ ಶರೀರದೊಳಗೆ ಒಂದು ನೆಲೆಯಿದೆ, ಅದನ್ನು ಕಣ್ಣಿನಿಂದ ಕಾಣಬಹುದು ಎಂಬ ವಿಚಾರ ಇಂದು ಸಾಮಾನ್ಯವೆನಿಸಿದರೂ ಅದನ್ನು ಸ್ಥಾಪಿಸಲು ಶತಮಾನಗಳೇ ಬೇಕಾದವು. ಇಟಲಿಯ ಪಡುವಾದಲ್ಲಿ ಮೊರ್ಗಾನಿ ಎಂಬ ವೃದ್ಧ ಆಚಾರ್ಯರು ತಾವು ಆಯುಷ್ಯವಿಡೀ ಕಂಡ ರೋಗಿಗಳ ಲಕ್ಷಣಗಳನ್ನು ಅವರ ಮರಣಾನಂತರ ತೆರೆದು ನೋಡಿದ ಅಂಗಗಳೊಡನೆ ಹೋಲಿಸಿ 1761ರಲ್ಲಿ ಗ್ರಂಥ ಪ್ರಕಟಿಸಿದರು. ಸುಮಾರು ಒಂದು ಶತಮಾನದ ತರುವಾಯ, 1858ರಲ್ಲಿ, ಬರ್ಲಿನ್ನಿನ ವಿರ್ಕೋ ಅವರು ಅಂಗದಿಂದ ಇನ್ನೂ ಕೆಳಗಿಳಿದು ರೋಗದ ನೆಲೆ ಜೀವಕೋಶದಲ್ಲಿದೆಯೆಂದು ಪ್ರತಿಪಾದಿಸಿದರು. ನಮ್ಮ ದೇಶದ ಉದಾಹರಣೆ ಬೇಕೆಂದರೆ ರಾಮಲಿಂಗಸ್ವಾಮಿಯವರನ್ನು ನೆನೆಯಬೇಕು. ಅವರು ರೋಗಶಾಸ್ತ್ರಜ್ಞರು, ಸೂಕ್ಷ್ಮದರ್ಶಕದ ಮುಂದೆ ಕೂಡ್ರುವ ವೃತ್ತಿಯವರು. ಹಿಮಾಲಯದ ತಪ್ಪಲಿನ ಕಾಂಗಡಾ ಕಣಿವೆಯಲ್ಲಿ ಜನರ ಕೊರಳು ಗಳಗಂಡದಿಂದ ಊದಿಕೊಳ್ಳುತ್ತಿದ್ದುದಕ್ಕೆ ನೆಲದಲ್ಲಿ ಅಯೋಡಿನ್ ಇಲ್ಲದಿರುವದೇ ಕಾರಣವೆಂಬದನ್ನು ಹಿಡಿದು, 1956ರಿಂದ ಅಲ್ಲಿ ಅಯೋಡಿನ್ ಬೆರೆಸಿದ ಉಪ್ಪಿನ ಪ್ರಯೋಗವನ್ನು ಅವರೂ ಅವರ ಸಹೋದ್ಯೋಗಿಗಳೂ ನಡೆಸಿದರು. ಇಂದು ನಮ್ಮ ಅಡಿಗೆಮನೆಯಲ್ಲಿರುವ ಉಪ್ಪಿನ ಪೊಟ್ಟಣದ ಮೇಲೆ ಅಯೋಡಿನ್ ಎಂಬ ಮಾತು ಅಚ್ಚಾಗಿರುವದರ ಹಿಂದೆ ಆ ಕೆಲಸವಿದೆ. ಎರಡನೆಯ ವರ್ಷದ ವಿಷಯಗಳು ಪ್ರಯೋಗಶಾಲೆಯ ಒಣ ವಿದ್ಯೆಗಳೆಂದು ತಿಳಿದವರು ಇದನ್ನು ಮನಗಾಣಬೇಕು.

ಸೂಕ್ಷ್ಮಜೀವಿಶಾಸ್ತ್ರದ ಪಾಠವಂತೂ ನಮ್ಮ ನಾಡಿನ ನೆಲದಲ್ಲಿಯೇ ಬರೆದಿಟ್ಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳ ಜನರು ಉರಿಜ್ವರದಿಂದ ಮಲಗಿದರು, ಕೆಲವರು ರಕ್ತಸ್ರಾವವಾಗಿ ತೀರಿಕೊಂಡರು. ಮಂಗಗಳ ಸಾವು, ಜೊತೆಗೆ ಮನುಷ್ಯರಿಗೆ ಜ್ವರ: ಇವೆರಡನ್ನೂ ಕಂಡ ತಜ್ಞರಿಗೆ ಆಫ್ರಿಕದ ಹಳದಿ ಜ್ವರವೇ ಭಾರತಕ್ಕೆ ಬಂದಿಳಿಯಿತೇನೋ ಎಂಬ ಭಯವುಂಟಾಯಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಧಾವಿಸಿ ಬಂದು, ಮಂಗಗಳಿಂದ ವೈರಸ್ಸನ್ನು ಬೇರ್ಪಡಿಸಿ, ಇದು ಹಳದಿ ಜ್ವರವಲ್ಲ, ರಷ್ಯದ ಕಾಡುಗಳಲ್ಲಿ ಮಿದುಳುಜ್ವರವನ್ನುಂಟುಮಾಡುವ ವೈರಸ್ಸಿನ ಬಳಗಕ್ಕೆ ಸೇರಿದ ಹೊಸದೊಂದು ಜೀವಿ, ಇದನ್ನು ಹರಡುವದು ಕಾಡಿನ ಉಣುಗು ಎಂದು ನಿರ್ಧರಿಸಿದರು. ಜನರು ಇದನ್ನು ಮಂಗನ ಕಾಯಿಲೆಯೆಂದರು. ಜಗತ್ತಿನ ವೈದ್ಯಗ್ರಂಥಗಳು ಕ್ಯಾಸನೂರು ಕಾಡಿನ ಕಾಯಿಲೆಯೆಂದವು. ಇಂದಿಗೂ ಇದಕ್ಕೆ ನಿರ್ದಿಷ್ಟ ಔಷಧವಿಲ್ಲ. ತರಗೆಲೆ, ಸೌದೆಗಳಿಗಾಗಿ ಕಾಡಿಗೆ ಹೋಗುವ ಮಲೆನಾಡಿನ ಬಡವರು ಚಳಿಗಾಲದ ನಡುವಿನಿಂದ ಬೇಸಗೆ ಮುಗಿಯುವವರೆಗೆ ಇದರ ಅಂಜಿಕೆಯಲ್ಲಿಯೇ ಇರುತ್ತಾರೆ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಪಠ್ಯಪುಸ್ತಕದಲ್ಲಿ ಈ ಕಾಯಿಲೆ ಕೆಲವೇ ಸಾಲುಗಳ ಸಂಗತಿ. ವೈರಸ್ಸಿನ ಕುಲ, ಹರಡುವ ಕೀಟದ ಹೆಸರು, ಪ್ರಾಂತದ ಹೆಸರು ಇಷ್ಟನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯ ಪ್ರಶ್ನೆಗೆ ಸಾಕು. ಶಿವಮೊಗ್ಗೆಯಲ್ಲಿ ಓದುವ ವಿದ್ಯಾರ್ಥಿಗೂ ದೂರದ ಪ್ರಾಂತದಲ್ಲಿ ಓದುವ ವಿದ್ಯಾರ್ಥಿಗೂ ಅದೇ ಸಾಲುಗಳು. ಸತ್ತ ಮಂಗವನ್ನು ಕಂಡ ಹಳ್ಳಿಗನ ಒಂದು ಮಾತಿನಿಂದ ಪ್ರಯೋಗಶಾಲೆಯ ನಿರ್ಣಯದವರೆಗೆ ವಿಚಾರವು ಹೇಗೆ ಹೆಜ್ಜೆಯಿಟ್ಟು ನಡೆಯಿತೆಂಬದೇ ಇಲ್ಲಿಯ ನಿಜವಾದ ವಿದ್ಯೆ. ಅದನ್ನು ಕಲಿಸಲು ವೇಳೆ ಬೇಕು, ಕಲಿಸುವವನಿಗೆ ಉತ್ಸಾಹ ಬೇಕು. ಕಾಲರಾದ ವಿಷಯವೂ ಹೀಗೆಯೇ. ಕೋಕ್ ಅವರು 1884ರಲ್ಲಿ ಕಲಕತ್ತೆಯಲ್ಲಿ ಅದರ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ್ದನ್ನು ಎಲ್ಲ ವಿದ್ಯಾರ್ಥಿಗಳೂ ಬಲ್ಲರು. ಆದರೆ ಆ ರೋಗಾಣುವು ಸ್ರವಿಸುವ ವಿಷದಿಂದಲೇ ಕರುಳು ನೀರನ್ನು ಸುರಿಸುತ್ತದೆಂಬದನ್ನು 1959ರಲ್ಲಿ ಅದೇ ಕಲಕತ್ತೆಯಲ್ಲಿ ಶಂಭುನಾಥ ಡೇ ಎಂಬ ರೋಗಶಾಸ್ತ್ರಜ್ಞರು ಮೊಲದ ಕರುಳಿನ ಮೇಲೆ ಪ್ರಯೋಗ ಮಾಡಿ ತೋರಿಸಿದರೆಂಬದನ್ನು ಬಲ್ಲವರೆಷ್ಟು ಮಂದಿ? ನೀರು ಹೋಗುವದೇ ಸಾವಿಗೆ ಕಾರಣವೆಂದು ಅರಿತುದರಿಂದಲ್ಲವೆ, 1971ರಲ್ಲಿ ಬಂಗಾಲದ ನಿರಾಶ್ರಿತರ ಶಿಬಿರದಲ್ಲಿ ದಿಲೀಪ ಮಹಾಲನಬಿಸ್ ಅವರು ಉಪ್ಪುಸಕ್ಕರೆ ಬೆರೆಸಿದ ನೀರನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದ್ದು! ಕಾರಣ ತಿಳಿದಲ್ಲಿ ಚಿಕಿತ್ಸೆ ಕೆಲವು ಕಾಸಿನದಾಗುತ್ತದೆ. ಕಾರಣ ತಿಳಿಯದಲ್ಲಿ ಅದು ಸಾವಿರಾರು ರೂಪಾಯಿಗಳದಾಗುತ್ತದೆ.

ಔಷಧಶಾಸ್ತ್ರಕ್ಕೆ ಬರೋಣ. ಈ ದೇಶದಲ್ಲಿ ಅದಕ್ಕೆ ಬುನಾದಿ ಹಾಕಿದವರು ರಾಮನಾಥ ಚೋಪ್ರಾ ಅವರು. ಪರದೇಶಗಳ ಕಳಪೆ ಔಷಧಗಳು ಭಾರತದ ಪೇಟೆಯನ್ನು ತುಂಬಿದ್ದ ಕಾಲದಲ್ಲಿ, 1930-31ರಲ್ಲಿ, ಅವರ ಅಧ್ಯಕ್ಷತೆಯ ಸಮಿತಿಯು ವಿಚಾರಣೆ ನಡೆಸಿತು. 1940ರ ಔಷಧ ಕಾಯಿದೆ ಅದರಿಂದ ಹುಟ್ಟಿತು. ನಮ್ಮ ನಾಟಿ ವೈದ್ಯರು ಬಳಸುತ್ತಿದ್ದ ಸರ್ಪಗಂಧಿಯ ಬೇರು ರಕ್ತದ ಒತ್ತಡವನ್ನು ಇಳಿಸುತ್ತದೆಂಬದನ್ನು ಮುಂಬಯಿಯ ರುಸ್ತುಮ್ ಜಾಲ್ ವಕೀಲ್ ಅವರು ರೋಗಿಗಳಲ್ಲಿ ಅಳೆದು ನೋಡಿ 1949ರಲ್ಲಿ ಪ್ರಕಟಿಸಿದ ಮೇಲೆಯೇ ಪಾಶ್ಚಾತ್ಯ ವೈದ್ಯ ಜಗತ್ತು ಅದರತ್ತ ಕಣ್ಣು ತೆರೆಯಿತು. ಅಳೆದು ನೋಡುವದು ಎಂಬಲ್ಲಿಯೇ ಈ ಶಾಸ್ತ್ರದ ಸಾರವಿದೆ. ಯಾವ ಮದ್ದು, ಎಷ್ಟು ಪ್ರಮಾಣ, ಎಷ್ಟು ದಿನ, ಯಾರಿಗೆ ಕೊಡಬಾರದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಬರೆದ ಚೀಟಿಯು ಚೀಟಿಯೇ ಅಲ್ಲ.

ಈ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಇಂದು ಎಷ್ಟು ಕ್ಷೀಣಿಸಿದೆ ಎಂಬದಕ್ಕೆ ಸಾಕ್ಷಿ ಬೇಕಾದವರು ಯಾವ ಊರಿನ ಔಷಧದಂಗಡಿಯ ಮುಂದಾದರೂ ಅರ್ಧ ಗಂಟೆ ನಿಂತು ನೋಡಲಿ. ನೆಗಡಿಗೂ ಆಂಟಿಬಯಾಟಿಕ್, ವೈರಸ್ಸಿನ ಜ್ವರಕ್ಕೂ ಆಂಟಿಬಯಾಟಿಕ್. ಆ ಔಷಧವು ವೈರಸ್ಸಿನ ಕೂದಲನ್ನೂ ಕೊಂಕಿಸಲಾರದೆಂಬದು ಎರಡನೆಯ ವರ್ಷದ ಮೊದಲ ಪಾಠಗಳಲ್ಲೊಂದು. 2013ರಲ್ಲಿ ಕೇಂದ್ರ ಸರಕಾರವು ಎಚ್-1 ಎಂಬ ಅನುಸೂಚಿಯನ್ನು ರಚಿಸಿ, ಅನೇಕ ಪ್ರಬಲ ಆಂಟಿಬಯಾಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದರ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕು ಎಂದು ವಿಧಿಸಿತು. ಒಳ್ಳೆಯ ಕಟ್ಟಳೆಯೇ. ಆದರೆ ಅದು ಅಂಗಡಿಯವನ ಕೈಯನ್ನು ಮಾತ್ರ ತಡೆಯಬಲ್ಲದು. ಚೀಟಿ ಬರೆಯುವ ಕೈಯನ್ನು ತಿದ್ದಬೇಕಾದದ್ದು ಕಾಲೇಜಿನಲ್ಲಿ. ಅದಕ್ಕೂ ಮೊದಲು, 2010ರಲ್ಲಿ, ಬಹುತೇಕ ಆಂಟಿಬಯಾಟಿಕ್‌ಗಳನ್ನು ನಿಷ್ಫಲಗೊಳಿಸುವ ಒಂದು ಕಿಣ್ವಕ್ಕೆ ವಿದೇಶೀ ಸಂಶೋಧಕರು ಹೊಸದಿಲ್ಲಿಯ ಹೆಸರಿಟ್ಟರೆಂದು ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ದೇಶಾಭಿಮಾನಿಗಳಿಗೆ ನೋವಾದದ್ದು ಸಹಜ. ಆದರೆ ಹೆಸರಿನ ಮೇಲೆ ತೋರಿದ ಕೋಪದಲ್ಲಿ ಕಾಲುಭಾಗವನ್ನಾದರೂ ಆ ವಸ್ತುವಿನ ಮೇಲೆ ತೋರಿದ್ದರೆ ಇಂದು ನಮ್ಮ ತೀವ್ರ ನಿಗಾ ಘಟಕಗಳಲ್ಲಿ ವೈದ್ಯರು ಹೀಗೆ ಕೈಚೆಲ್ಲುವ ಪ್ರಸಂಗಗಳು ಎಷ್ಟೋ ಕಡಿಮೆಯಾಗುತ್ತಿದ್ದವು ಎಂದು ನಾವು ನಂಬುತ್ತೇವೆ.

ಇಷ್ಟು ಭಾರವನ್ನು ಹೊತ್ತ ವರ್ಷಕ್ಕೆ ನಾವು ಕೊಟ್ಟಿರುವ ಕಾಲವೆಷ್ಟು? 1997ರ ನಿಯಮಗಳಲ್ಲಿ ಈ ಎರಡನೆಯ ಹಂತಕ್ಕೆ 18 ತಿಂಗಳುಗಳಿದ್ದವು. ಅದರಲ್ಲಿ ನ್ಯಾಯವೈದ್ಯಶಾಸ್ತ್ರವೂ ಸೇರಿತ್ತು. 2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮವು ನ್ಯಾಯವೈದ್ಯಶಾಸ್ತ್ರದ ಪರೀಕ್ಷೆಯನ್ನು ಮುಂದಿನ ಹಂತಕ್ಕೆ ಸಾಗಿಸಿ, ಇದನ್ನು 12 ತಿಂಗಳುಗಳಿಗೆ ಇಳಿಸಿತು. 2020ರಲ್ಲಿ ಹಳೆಯ ವೈದ್ಯಕೀಯ ಪರಿಷತ್ತಿನ ಸ್ಥಾನಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅದೇ 12 ತಿಂಗಳುಗಳನ್ನು ಉಳಿಸಿಕೊಂಡಿದೆ. 2019ರ ಕ್ರಮದಂತೆ ರೋಗಶಾಸ್ತ್ರಕ್ಕೆ 230 ಗಂಟೆ, ಔಷಧಶಾಸ್ತ್ರಕ್ಕೆ 230, ಸೂಕ್ಷ್ಮಜೀವಿಶಾಸ್ತ್ರಕ್ಕೆ 190. ಕಾಗದದ ಮೇಲೆ ಇದು ಸಾಲದೆನ್ನುವಂತಿಲ್ಲ. ಆದರೆ ಆ ಹನ್ನೆರಡು ತಿಂಗಳುಗಳಲ್ಲಿ ಪರೀಕ್ಷೆಗಳೂ ರಜೆಗಳೂ ವಾರ್ಡಿನ ಸರದಿಗಳೂ ಮೂರನೆಯ ವರ್ಷದ ವಿಷಯಗಳ ಪೂರ್ವಪಾಠಗಳೂ ಅಡಕವಾಗಬೇಕೆಂಬದನ್ನು ಮರೆಯಲಾಗದು.

ನಾವು ಹೊಸದನ್ನೆಲ್ಲ ಹಳಿಯುವವರಲ್ಲ. ಉಪನ್ಯಾಸವನ್ನು ಒಟ್ಟು ವೇಳೆಯ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಸಿ, ಉಳಿದುದನ್ನು ಸಣ್ಣ ಗುಂಪುಗಳ ಚರ್ಚೆಗೂ ಕೈಕೆಲಸಕ್ಕೂ ಬಿಟ್ಟುದು, ರೋಗಿಯೊಡನೆ ನಡೆದುಕೊಳ್ಳುವ ರೀತಿ ಹಾಗೂ ವೃತ್ತಿಧರ್ಮಗಳನ್ನು ಪಾಠವಾಗಿಯೇ ಇಟ್ಟುದು ಸ್ತುತ್ಯವಾಗಿದೆ. ಆದರೆ ಸಣ್ಣ ಗುಂಪಿಗೆ ಕಲಿಸಲು ಹೆಚ್ಚು ಶಿಕ್ಷಕರು ಬೇಕು. ಕಾಲೇಜುಗಳ ಸಂಖ್ಯೆ ಏರಿದ ವೇಗದಲ್ಲಿ ಶಿಕ್ಷಕರು ಸಿದ್ಧವಾಗಿದ್ದಾರೆಂದು ಯಾರೂ ಹೇಳಲಾರರು. ಇದರ ಪರಿಣಾಮವೇನೆಂದರೆ, ಚರ್ಚೆಯೆಂದು ವೇಳಾಪತ್ರಿಕೆಯಲ್ಲಿ ಬರೆದ ಗಂಟೆಯು ಎಷ್ಟೋ ಕಡೆ ಮತ್ತೊಂದು ಉಪನ್ಯಾಸವಾಗಿಯೇ ಮುಗಿಯುತ್ತದೆ. ವಿದ್ಯಾರ್ಥಿಯಾದರೂ ಏನು ಮಾಡಿಯಾನು? ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ನೆರಳು ಎರಡನೆಯ ವರ್ಷಕ್ಕೇ ಚಾಚಿಕೊಂಡಿದೆ. ಅಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವದೇ ಸಾಧನೆ. ಆದ್ದರಿಂದ ಕಾಲೇಜಿನ ಗುರುವಿಗಿಂತ ಮೊಬೈಲ್ ಫೋನಿನಲ್ಲಿ ಪಾಠ ಮಾರುವ ಗುರುವೇ ಅವನಿಗೆ ಹತ್ತಿರದವನಾಗುತ್ತಾನೆ. ಹುಡುಗರನ್ನು ಇದಕ್ಕಾಗಿ ದೂಷಿಸುವದು ಅನ್ಯಾಯ. ಅವರು ನಾವು ಹಾಕಿಕೊಟ್ಟ ದಾರಿಯಲ್ಲಿಯೇ ಓಡುತ್ತಿದ್ದಾರೆ.

ಇನ್ನು ಶವಪರೀಕ್ಷೆಯ ಮಾತು. ಮೊರ್ಗಾನಿಯವರ ಕಾಲದಿಂದಲೂ ರೋಗಶಾಸ್ತ್ರದ ಪಾಠಶಾಲೆ ಅದೇ ಆಗಿದೆ. ಆದರೆ ಇಂದು ನಮ್ಮ ದೇಶದ ದವಾಖಾನೆಗಳಲ್ಲಿ ನಡೆಯುವ ಶವಪರೀಕ್ಷೆಗಳು ಬಹುತೇಕ ಪೋಲೀಸು ಪ್ರಕರಣಗಳವು: ಅಪಘಾತ, ವಿಷಪ್ರಾಶನ, ಸಂಶಯದ ಮರಣ. ಅವು ನ್ಯಾಯವೈದ್ಯಶಾಸ್ತ್ರದವರ ಕೆಲಸ. ವಾರ್ಡಿನಲ್ಲಿ ಹದಿನೈದು ದಿನ ಚಿಕಿತ್ಸೆ ಪಡೆದು ಸತ್ತವನಿಗೆ ನಿಜವಾಗಿ ಏನಾಗಿತ್ತು, ವೈದ್ಯರ ತರ್ಕ ಸರಿಯಾಗಿತ್ತೇ ತಪ್ಪಾಗಿತ್ತೇ ಎಂದು ಮನೆಯವರ ಒಪ್ಪಿಗೆ ಪಡೆದು ತೆರೆದು ನೋಡುವ ಪದ್ಧತಿ ವಿರಳವಾಗಿಹೋಗಿದೆ. ವಿದ್ಯಾರ್ಥಿಗಳು ನೋಡುವದು ಎಷ್ಟೋ ವರ್ಷಗಳ ಹಿಂದೆ ಭರಣಿಗೆ ಹಾಕಿಟ್ಟ, ಬಣ್ಣಗೆಟ್ಟ ಅಂಗಗಳನ್ನು ಮತ್ತು ಗಾಜಿನ ಪಟ್ಟಿಯ ಮೇಲಿನ ತುಣುಕುಗಳನ್ನು. ವಾರ್ಡಿನಲ್ಲಿ ಕೆಮ್ಮಿನ ಸದ್ದು ಕೇಳಿದ ಅದೇ ಮನುಷ್ಯನ ಪುಪ್ಪುಸವನ್ನು ಕೈಯಲ್ಲಿ ಹಿಡಿದು ನೋಡಿದವನಿಗೆ ಬರುವ ವಿನಯ ಭರಣಿಯಿಂದ ಬಾರದು. ಜನರು ಒಪ್ಪುವದಿಲ್ಲವೆಂಬದು ಅಧಿಕಾರಿಗಳ ಸಿದ್ಧ ಉತ್ತರ. ಕೇಳಿದ್ದೀರೇನು ಎಂಬದು ನಮ್ಮ ಪ್ರಶ್ನೆ. ಮೊದಲನೆಯ ವರ್ಷದ ವಿದ್ಯಾರ್ಥಿಗಳಿಗಾಗಿ ಇಡಿಯ ದೇಹವನ್ನೇ ದಾನ ಮಾಡುವ ಕುಟುಂಬಗಳು ನಮ್ಮ ನಾಡಿನಲ್ಲಿವೆ. ಮಾನದಿಂದ, ಸಮಾಧಾನದಿಂದ, ಅವರ ಭಾಷೆಯಲ್ಲಿ ಕೇಳಿದರೆ ಹತ್ತರಲ್ಲಿ ಒಬ್ಬರಾದರೂ ಒಪ್ಪಲಾರರೆ?

ಭಾಷೆಯ ಮಾತು ಬಂದುದರಿಂದ ಅದನ್ನೂ ಮುಗಿಸುತ್ತೇವೆ. 2022ರ ಅಕ್ಟೋಬರದಲ್ಲಿ ಭೋಪಾಳದಲ್ಲಿ ಮೊದಲನೆಯ ವರ್ಷದ ಮೂರು ವಿಷಯಗಳ ಹಿಂದೀ ಗ್ರಂಥಗಳು ಬಿಡುಗಡೆಯಾದವು, ಕನ್ನಡದಲ್ಲಿಯೂ ಹಾಗಾಗಬೇಕೆನ್ನುವವರಿದ್ದಾರೆ. ಆ ದೊಡ್ಡ ವಾದಕ್ಕೆ ಇಂದು ನಾವು ಇಳಿಯುವದಿಲ್ಲ. ನಮ್ಮ ಬೇಡಿಕೆ ಚಿಕ್ಕದು, ಆದರೆ ಇಂದೇ ಈಡೇರಬೇಕಾದದ್ದು. ಎರಡನೆಯ ವರ್ಷದ ವಿದ್ಯಾರ್ಥಿಯು ಮಂಚದ ಪಕ್ಕಕ್ಕೆ ನಿಂತು ಏನಾಗುತ್ತದೆಂದು ಕೇಳಿದಾಗ ಧಾರವಾಡದ ಕಡೆಯ ರೈತನು ‘ದಮ್ಮು ಹತ್ತತೈತ್ರಿ’ ಎನ್ನುತ್ತಾನೆ. ಆ ಒಂದು ಮಾತಿನ ಹಿಂದೆ ರೋಗಶಾಸ್ತ್ರದ ಎರಡು ಅಧ್ಯಾಯಗಳಿವೆ: ಪುಪ್ಪುಸದ್ದೊಂದು, ಹೃದಯದ್ದೊಂದು. ಮಲಗಿದಾಗ ಹೆಚ್ಚಾಗುತ್ತದೆಯೇ, ನಡುರಾತ್ರಿಯಲ್ಲಿ ಎದ್ದು ಕೂಡ್ರಬೇಕಾಗುತ್ತದೆಯೇ, ಕಾಲು ಬಾತಿವೆಯೇ, ಹೊಗೆ ಧೂಳಿಗೆ ಬರುತ್ತದೆಯೇ ಎಂದು ಕೇಳಿ ಬೇರ್ಪಡಿಸಬೇಕು. ಕೇಳಲು ಮಾತು ಬೇಕು. ‘ಸಂಕಟ’ ಎಂದೊಬ್ಬ ಹೆಂಗಸು ಎದೆಯ ಮೇಲೆ ಕೈಯಿಟ್ಟರೆ ಅದು ಓಕರಿಕೆಯೋ, ಹೊಟ್ಟೆಯ ಉರಿಯೋ, ಹೃದಯದ ನೋವೋ, ಮನೆಯ ದುಃಖವೋ ಎಂಬದನ್ನು ಯಾವ ಯಂತ್ರವೂ ಹೇಳದು. ಹೊರ ಪ್ರಾಂತಗಳಿಂದ ಬಂದವರಿಗೆ ಪ್ರಾರಂಭದ ದಿನಗಳಲ್ಲಿ ಸ್ಥಳೀಯ ಭಾಷೆಯ ಕೆಲವು ಗಂಟೆಗಳ ಪಾಠವನ್ನು ಪಠ್ಯಕ್ರಮವೇ ವಿಧಿಸಿದೆ. ಆದರೆ ಅದು ವಾರ್ಡಿಗೆ ಹೋಗುವ ಎಷ್ಟೋ ಮೊದಲು ಮುಗಿದು, ವಾರ್ಡಿಗೆ ಹೋಗುವಷ್ಟರಲ್ಲಿ ಮರೆತೂ ಹೋಗಿರುತ್ತದೆ. ನಮ್ಮ ಪಟ್ಟಣದ ಶಾಲೆಗಳಲ್ಲಿ ಓದಿ ಬಂದ ಕನ್ನಡಿಗ ಮಕ್ಕಳ ಸ್ಥಿತಿಯೂ ಇದಕ್ಕಿಂತ ಬಹಳ ಮೇಲಾಗಿಲ್ಲವೆಂಬದನ್ನು ವಿಷಾದದಿಂದ ಹೇಳಬೇಕಾಗಿದೆ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕುರಿತು ಖಗೇಂದ್ರಮಣಿದರ್ಪಣವೆಂಬ ಇಡಿಯ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಇಂದು ಊಟಕ್ಕೆ ಮೊದಲೋ ತರುವಾಯವೋ ಎಂಬಷ್ಟನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಯುವ ವೈದ್ಯರು ಅಪರೂಪ.

ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 1996ರಲ್ಲಿ ಸ್ಥಾಪಿತವಾಯಿತು. ಆಯೋಗದ ಕಟ್ಟಳೆಗಳನ್ನು ಬದಲಿಸುವದು ಅದರ ಕೈಯಲ್ಲಿಲ್ಲ. ಹನ್ನೆರಡು ತಿಂಗಳನ್ನು ಹದಿನೆಂಟು ಮಾಡೆಂದು ಅದನ್ನು ಕೇಳಿ ಫಲವಿಲ್ಲ. ಆ ಮಾತನ್ನು ದಿಲ್ಲಿಯಲ್ಲಿ ಎತ್ತಬೇಕಾದವರು ನಮ್ಮ ಲೋಕಸಭಾ ಸದಸ್ಯರು. ಆದರೆ ಎರಡನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಒಂದು ಔಷಧವನ್ನು ಸೇವಿಸುವ ಕ್ರಮವನ್ನು ರೋಗಿಗೆ ಕನ್ನಡದಲ್ಲಿ ತಿಳಿಯ ಹೇಳಬೇಕೆಂದು ವಿಧಿಸಿ ಅದಕ್ಕೆ ಅಂಕಗಳನ್ನಿಡಲು ವಿಶ್ವವಿದ್ಯಾಲಯಕ್ಕೆ ಅಡ್ಡಿಯಾದರೂ ಏನು? ತನ್ನದೇ ಬೋಧನ ಆಸ್ಪತ್ರೆಯಲ್ಲಿ ಕಳೆದ ವರ್ಷ ಯಾವ ರೋಗಾಣುವಿಗೆ ಯಾವ ಆಂಟಿಬಯಾಟಿಕ್ ನಾಟಿತು, ಯಾವುದು ನಾಟಲಿಲ್ಲವೆಂಬ ಪಟ್ಟಿಯನ್ನು ಪ್ರತಿ ಕಾಲೇಜೂ ತನ್ನ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಅದರ ಮೇಲೆಯೇ ಪಾಠ ನಡೆಸುವದಕ್ಕೆ ಹೊಸ ಹಣವೇನೂ ಬೇಕಾಗಿಲ್ಲ. ಕೊನೆಯದಾಗಿ, ಮುಂದಿನ ತಂಡವು ಎರಡನೆಯ ವರ್ಷಕ್ಕೆ ಬರುವ ಮೊದಲು, ರಾಜ್ಯದ ಪ್ರತಿಯೊಂದು ವೈದ್ಯಕೀಯ ಕಾಲೇಜಿನಲ್ಲಿ ಹಿಂದಿನ ವರ್ಷ ಪೋಲೀಸು ಪ್ರಕರಣಗಳನ್ನು ಬಿಟ್ಟು ಎಷ್ಟು ಶವಪರೀಕ್ಷೆಗಳು ನಡೆದವು, ಅವುಗಳನ್ನು ಎಷ್ಟು ವಿದ್ಯಾರ್ಥಿಗಳು ಕಣ್ಣಾರೆ ಕಂಡರು ಎಂಬ ಎರಡು ಅಂಕಿಗಳನ್ನು ವಿಶ್ವವಿದ್ಯಾಲಯವು ಪ್ರಕಟಿಸಲಿ. ಶುಲ್ಕದ ಪಟ್ಟಿಯ ಪಕ್ಕದಲ್ಲಿಯೇ ಅದನ್ನು ಅಚ್ಚು ಹಾಕಿದರೆ ಹೊಲ ಮಾರಲು ಹೊರಟ ತಂದೆಯು ಎರಡನ್ನೂ ಓದಿಕೊಳ್ಳುವನು.